ಧೈರ್ಯ ಹೇಳಿದ್ದು ಸಾಕು, ಕೂತು ಕೇಳುವವರು ಬೇಕು

ಯಾರಾದರೂ "ಯಾಕೋ ಮನಸ್ಸಿಗೆ ಸಮಾಧಾನ ಇಲ್ಲ ಮಾರಾಯ" ಅಂದರೆ ನಮ್ಮ ಕಡೆ ಸಿಗುವ ಉತ್ತರ ಹೆಚ್ಚುಕಡಿಮೆ ನಾಲ್ಕೇ. "ಅದನ್ನೆಲ್ಲ ತಲೆಗೆ ಹಚ್ಕೋಬೇಡ." "ನಿನಗಿಂತ ಕಷ್ಟದಲ್ಲಿ ಇರೋರನ್ನ ನೋಡು." "ಮನಸ್ಸು ಗಟ್ಟಿ ಮಾಡ್ಕೋ." "ಒಂದ್ಸಲ ದೇವಸ್ಥಾನಕ್ಕೆ ಹೋಗಿ ಬಾ, ಎಲ್ಲ ಸರಿಹೋಗತ್ತೆ."

ಹೇಳುವವರು ಕೆಟ್ಟವರೇನಲ್ಲ. ಅಣ್ಣನೋ, ಚಿಕ್ಕಮ್ಮನೋ, ಪಕ್ಕದ ಮನೆಯವರೋ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಈ ನಾಲ್ಕೂ ಉತ್ತರ ಮಾಡುವ ಕೆಲಸ ಒಂದೇ. ಮಾತು ಅಲ್ಲಿಗೆ ಮುಗಿಯುತ್ತದೆ. ನೋವು ಹೇಳಿಕೊಳ್ಳಲು ಬಂದವರು "ಹೂಂ, ಹೌದು ಬಿಡಿ" ಅಂದು ಎದ್ದು ಹೋಗುತ್ತಾರೆ. ಹೇಳಬೇಕಾದದ್ದು ಹೊಟ್ಟೆಯೊಳಗೇ ಉಳಿಯುತ್ತದೆ.

ನಾವು ಈ ಬರಹದಲ್ಲಿ ಜಗಳ ಆಡುತ್ತಿರುವುದು ಈ ನಾಲ್ಕು ಉತ್ತರಗಳ ಜೊತೆ. ನಮ್ಮ ವಾದ ಸರಳ. ತರಬೇತಿ ಪಡೆದ ಒಬ್ಬರು ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಬುದ್ಧಿ ಹೇಳದೆ, ತೀರ್ಪು ಕೊಡದೆ ನಮ್ಮ ಎದುರು ಕೂತು ಕೇಳುವುದು ಒಂದು ಚಿಕಿತ್ಸೆ. ಅದಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಅದು ಬೆಂಗಳೂರಿನ ದುಡ್ಡಿದ್ದವರ ಶೋಕಿ ಅಲ್ಲ. ಶಿವಮೊಗ್ಗದವರಿಗೂ ಭದ್ರಾವತಿಯವರಿಗೂ ಸುತ್ತಲಿನ ಹಳ್ಳಿಯವರಿಗೂ ಅದು ಕನ್ನಡದಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಸಿಗಬೇಕು.

ಭದ್ರಾವತಿಯಲ್ಲಿ ನಿಂತದ್ದು ಯಂತ್ರ ಮಾತ್ರವೇ?

ಭದ್ರಾವತಿಯಲ್ಲಿ ವಿಶ್ವೇಶ್ವರಯ್ಯನವರ ಕಾಲದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರು ಮಾಡಿತು. ಮೈಸೂರು ಕಾಗದ ಕಾರ್ಖಾನೆ, ಅಂದರೆ ನಮ್ಮೆಲ್ಲರ ಬಾಯಲ್ಲಿ ಎಂಪಿಎಂ, 1936ರಲ್ಲಿ ಸ್ಥಾಪನೆಯಾಯಿತು. ಎರಡು ಮೂರು ತಲೆಮಾರು ಪಾಳಿ ಲೆಕ್ಕದಲ್ಲೇ ಬದುಕಿತು. ಹೆಣ್ಣು ಕೊಡುವಾಗ "ಹುಡುಗ ಫ್ಯಾಕ್ಟರಿಯಲ್ಲಿದ್ದಾನೆ" ಅಂದರೆ ಮುಂದಿನ ಪ್ರಶ್ನೆ ಇರುತ್ತಿರಲಿಲ್ಲ.

2015ರ ಹೊತ್ತಿಗೆ ಎಂಪಿಎಂ ಯಂತ್ರಗಳು ನಿಂತವು. 2023ರ ಜನವರಿಯಲ್ಲಿ ವಿಐಎಸ್‌ಎಲ್ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವನ್ನು ಸೈಲ್ ಪ್ರಕಟಿಸಿತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ರಾಜಕಾರಣಿಗಳು ಬಂದರು, ಭರವಸೆ ಕೊಟ್ಟರು, ಹೋದರು. ಎಷ್ಟು ಕೋಟಿ ನಷ್ಟ, ಎಷ್ಟು ಜನರಿಗೆ ವಿಆರ್‌ಎಸ್, ಎಷ್ಟು ಎಕರೆ ಜಾಗ ಅನ್ನುವ ಲೆಕ್ಕ ಎಲ್ಲ ಕಡೆ ಬಂತು. "ನಿಮಗೆ ರಾತ್ರಿ ನಿದ್ದೆ ಬರುತ್ತಿದೆಯಾ?" ಎಂದು ಕೇಳುವುದು ಮಾತ್ರ ಯಾವ ಇಲಾಖೆಯ ಕೆಲಸವೂ ಆಗಿರಲಿಲ್ಲ.

ಒಬ್ಬರನ್ನು ಊಹಿಸಿಕೊಳ್ಳಿ. ಇವರು ಯಾವುದೋ ಒಂದು ಮನೆಯವರಲ್ಲ, ಹಲವು ಮನೆಗಳನ್ನು ಕೂಡಿಸಿ ಬರೆದ ಚಿತ್ರ. ಇಪ್ಪತ್ತೈದು ವರ್ಷ ಪಾಳಿಯಲ್ಲಿ ದುಡಿದವರು. ವಿಆರ್‌ಎಸ್ ದುಡ್ಡು ಬಂತು, ಮಗಳ ಮದುವೆ ಆಯಿತು, ಮನೆಗೆ ಟೈಲ್ಸ್ ಹಾಕಿಸಿದರು. ಲೆಕ್ಕದ ಪ್ರಕಾರ ಕೊರತೆಯಿಲ್ಲ. ಆದರೂ ಬೆಳಗಿನ ಪಾಳಿಯ ಹೊತ್ತಿಗೆ ಎಚ್ಚರವಾಗುತ್ತದೆ. ಎದ್ದು ಏನು ಮಾಡಬೇಕು ಗೊತ್ತಾಗುವುದಿಲ್ಲ. ಹೆಂಡತಿ ಸಾರಿಗೆ ಉಪ್ಪು ಕಡಿಮೆ ಹಾಕಿದರೆ ತಟ್ಟೆ ನೂಕುತ್ತಾರೆ. ಮಗ ಕೆಲಸ ಹುಡುಕುತ್ತಿದ್ದರೆ "ನೀನು ಯಾತಕ್ಕೂ ಬರಲ್ಲ" ಅನ್ನುತ್ತಾರೆ. ಸಂಜೆ ಬಾರಿನ ಕಡೆ ಕಾಲು ಎಳೆಯುತ್ತದೆ.

ಊರು ಇವರನ್ನು ಸಿಡುಕ ಅನ್ನುತ್ತದೆ, ಕುಡುಕ ಅನ್ನುತ್ತದೆ. ನಮ್ಮ ಹಿರಿಯರ ಗಾದೆ ಊರಿಗಿಂತ ಜಾಣತನದ್ದು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಆ ತಟ್ಟೆ ನೂಕಿದ ಕೋಪ ಉಪ್ಪಿನ ಮೇಲಿನದ್ದಲ್ಲ. "ನಾನು ಯಾತಕ್ಕೂ ಬರದವನಾದೆ" ಎಂಬ ನೋವನ್ನು ತನ್ನ ಬಾಯಿಂದ ಹೇಳಲಾಗದೆ ಮಗನ ಹಣೆಗೆ ಅಂಟಿಸಿದ್ದಾರೆ. ಇದನ್ನು ಅವರಿಗೆ ಯಾರೂ ಪಾಠ ಮಾಡಿ ತಿಳಿಸಲಾಗದು. ಹೇಳುತ್ತ ಹೇಳುತ್ತ ಅವರಿಗೇ ಗೊತ್ತಾಗಬೇಕು. ಹಾಗೆ ಗೊತ್ತಾಗಲು ಬೇಕಾದ ಜಾಗವನ್ನೇ ಮನೋವಿಶ್ಲೇಷಣೆಯ ಚಿಕಿತ್ಸೆ ಒದಗಿಸುತ್ತದೆ.

ಇದು ಹೊರಗಿನಿಂದ ಬಂದದ್ದು ಅನ್ನುವವರಿಗೆ

ಮನೋವಿಶ್ಲೇಷಣೆ ಅಂದ ಕೂಡಲೇ ಕೆಲವರು "ಅದು ಫ್ರಾಯ್ಡ್ ಹೇಳಿದ್ದು, ಬರೀ ಲೈಂಗಿಕ ವಿಚಾರ, ನಮ್ಮ ಸಂಸ್ಕೃತಿಗೆ ಆಗಲ್ಲ" ಅನ್ನುತ್ತಾರೆ. ಇತಿಹಾಸ ಸ್ವಲ್ಪ ನೋಡಿ.

ಭಾರತೀಯ ಮನೋವಿಶ್ಲೇಷಣಾ ಸಂಘ ಶುರುವಾದದ್ದು 1922ರಲ್ಲಿ, ಕೋಲ್ಕತ್ತದಲ್ಲಿ. ಕಟ್ಟಿದವರು ಗಿರೀಂದ್ರಶೇಖರ ಬೋಸ್. ಅವರು ಫ್ರಾಯ್ಡ್ ಜೊತೆ ವರ್ಷಗಟ್ಟಲೆ ಪತ್ರ ಬರೆದುಕೊಂಡರು. ಸುಮ್ಮನೆ ತಲೆಯಾಡಿಸದೆ, ಭಾರತೀಯ ಕುಟುಂಬದಲ್ಲಿ ತಾನು ಕಂಡದ್ದು ಬೇರೆ ಎಂದು ವಾದ ಹೂಡಿದರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ 1924ರಲ್ಲೇ ಶುರುವಾಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ಮೈಸೂರಿನಲ್ಲಿ ರೇಡಿಯೊ ಕೇಂದ್ರ ತೆರೆದವರು. "ಆಕಾಶವಾಣಿ" ಎಂಬ ಹೆಸರು ಬಂದದ್ದು ಆ ಕೇಂದ್ರದಿಂದ. 'ಕೊರವಂಜಿ' ಪತ್ರಿಕೆಯಿಂದ ಕನ್ನಡಿಗರನ್ನು ನಗಿಸಿದ ರಾಶಿ, ಅಂದರೆ ಡಾಕ್ಟರ್ ಎಂ. ಶಿವರಾಂ, ಮನಸ್ಸಿನ ಬಗ್ಗೆ ಬರೆದ 'ಮನಮಂಥನ' ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಇನ್ನು ನಮ್ಮ ಶಿವಮೊಗ್ಗ. ಮಾನಸ ಆಸ್ಪತ್ರೆ ಕಟ್ಟಿದ ಡಾ. ಕೆ.ಎ. ಅಶೋಕ್ ಪೈ 2016ರಲ್ಲಿ ತೀರಿಕೊಳ್ಳುವವರೆಗೂ ಮನಸ್ಸಿನ ಕಾಯಿಲೆ ಬಗ್ಗೆ ಜನರ ಭಾಷೆಯಲ್ಲಿ ಬರೆದರು, ಮಾತಾಡಿದರು. ಸುರೇಶ್ ಹೆಬ್ಳೀಕರ್ ನಿರ್ದೇಶನದ 'ಕಾಡಿನ ಬೆಂಕಿ' ಸಿನಿಮಾದ ಹಿಂದೆ ಇದ್ದವರೂ ಅವರೇ. ಬಾಲ್ಯದಲ್ಲಿ ಬಿದ್ದ ಮನಸ್ಸಿನ ಗಂಟು ದೊಡ್ಡವರಾದ ಮೇಲೆ ಸಂಸಾರವನ್ನು ಹೇಗೆ ಸುಡುತ್ತದೆ ಎಂಬ ಆ ಚಿತ್ರ 1988ರ ಅತ್ಯುತ್ತಮ ಕನ್ನಡ ಚಿತ್ರ ಎಂಬ ರಾಷ್ಟ್ರಪ್ರಶಸ್ತಿ ಪಡೆಯಿತು. ಮನೋವಿಶ್ಲೇಷಣೆಯ ವಿಷಯ ಇಟ್ಟುಕೊಂಡು ಸಿನಿಮಾ ಮಾಡಿದ ಊರಿನವರು ನಾವು. ಸಿನಿಮಾ ನೋಡಿ ಮೆಚ್ಚಿದ ಮೇಲೆ ಅದರ ಮಾತನ್ನು ಮನೆಗೆ ತರಲಿಲ್ಲ, ಅಷ್ಟೇ.

ಈಗಿನ ಮನೋವಿಶ್ಲೇಷಣೆ ಬದಲಾಗಿದೆ

ಹಳೆಯ ಸಿನಿಮಾಗಳಲ್ಲಿ ನೋಡಿರುತ್ತೀರಿ. ರೋಗಿ ಮಂಚದ ಮೇಲೆ ಮಲಗಿರುತ್ತಾನೆ. ಗಡ್ಡದ ಡಾಕ್ಟರು ಹಿಂದೆ ಕೂತು ಏನೂ ಮಾತಾಡದೆ ಬರೆದುಕೊಳ್ಳುತ್ತಾರೆ. ಕೊನೆಗೆ "ನಿನ್ನ ಸಮಸ್ಯೆ ಇದು" ಎಂದು ತೀರ್ಪು. ಇವತ್ತಿನ ಚಿಕಿತ್ಸೆ ಅಲ್ಲಿಂದ ಬಹಳ ದೂರ ಬಂದಿದೆ.

ಈ ಬದಲಾವಣೆಯಲ್ಲಿ ದೊಡ್ಡ ಪಾತ್ರ ಹೈನ್ಜ್ ಕೋಹಟ್ ಎಂಬ ವೈದ್ಯರದ್ದು. ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕದ ಶಿಕಾಗೊದಲ್ಲಿ ಕೆಲಸ ಮಾಡಿದವರು. 1971ರ ತಮ್ಮ ಪುಸ್ತಕದಲ್ಲಿ ಅವರು ಒಬ್ಬ ಮಹಿಳೆಯ ಚಿಕಿತ್ಸೆಯ ಬಗ್ಗೆ ಬರೆದಿದ್ದಾರೆ. ಆಕೆ ಹೇಳಿದ್ದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಡಾಕ್ಟರು ಅರ್ಥ ಹೇಳಿದರೆ ಸಾಕು, ಆಕೆ ಸಿಟ್ಟಾಗುತ್ತಿದ್ದಳು. ಹಳೆಯ ಪಾಠದ ಪ್ರಕಾರ ಅದು ರೋಗಿಯ ಹಠ. ಕೋಹಟ್‌ಗೆ ನಿಧಾನವಾಗಿ ಹೊಳೆದದ್ದು ಬೇರೆ. ಆಕೆಗೆ ಬೇಕಿದ್ದದ್ದು ಡಾಕ್ಟರ ಜಾಣ ಅರ್ಥವಲ್ಲ. ತಾನು ಹೇಳಿದ್ದನ್ನು ಹೇಳಿದ ಹಾಗೇ ಒಬ್ಬರು ಕೇಳಿಸಿಕೊಂಡರು ಎಂಬ ನೆಮ್ಮದಿ. ಚಿಕ್ಕಂದಿನಲ್ಲಿ ಅದು ಆಕೆಗೆ ಸಿಕ್ಕಿರಲಿಲ್ಲ.

ಅಲ್ಲಿಂದ ಕೋಹಟ್ ಒಂದು ಮಾತನ್ನು ಚಿಕಿತ್ಸೆಯ ನಡುಮನೆಗೆ ತಂದರು. ಇನ್ನೊಬ್ಬರ ಜಾಗದಲ್ಲಿ ನಿಂತು ಅವರಿಗೆ ಹೇಗೆ ಕಾಣುತ್ತಿದೆ ಎಂದು ನೋಡುವುದು. ಪುಸ್ತಕದ ಕನ್ನಡದಲ್ಲಿ ಇದಕ್ಕೆ ಪರಾನುಭೂತಿ ಅನ್ನುತ್ತಾರೆ. ಇದು ಕನಿಕರ ಅಲ್ಲ. ಕನಿಕರದಲ್ಲಿ ನಾವು ಮೇಲೆ, ಅವರು ಕೆಳಗೆ. "ಅಯ್ಯೋ ಪಾಪ" ಅಂದಾಗ ಮಾತು ಮುಗಿಯುತ್ತದೆ. "ಆಮೇಲೆ ಏನಾಯ್ತು? ನಿಮಗೆ ಆಗ ಹೇಗನ್ನಿಸ್ತು?" ಅಂದಾಗ ಮಾತು ಶುರುವಾಗುತ್ತದೆ.

ಹಾಗಂತ ಇದು ಬರೀ ಹೂಂಗುಟ್ಟುವ ಕೆಲಸವೂ ಅಲ್ಲ. ಹಾವು ಕಡಿದವನು ಹಗ್ಗ ಕಂಡರೂ ಹೆದರುತ್ತಾನಲ್ಲ, ಮನಸ್ಸಿಗೂ ಅದೇ ಅಭ್ಯಾಸ. ಅಪ್ಪನಿಂದ ಏಟು ತಿಂದು ಬೆಳೆದವನಿಗೆ ದನಿ ಎತ್ತರಿಸಿದ ಮೇಸ್ಟ್ರು, ಮೇಲಧಿಕಾರಿ, ಮಾವ ಎಲ್ಲರೂ ಅಪ್ಪನೇ. ಚಿಕಿತ್ಸೆಗೆ ಬಂದರೆ ಎದುರು ಕೂತ ಚಿಕಿತ್ಸಕರಲ್ಲೂ ಅಪ್ಪ ಕಾಣುತ್ತಾನೆ. "ಇವರೂ ನನ್ನ ಬೈತಾರೆ" ಎಂದು ಹೆದರಿ ಸುಳ್ಳು ಹೇಳುತ್ತಾನೆ, ಒಂದು ವಾರ ತಪ್ಪಿಸುತ್ತಾನೆ. ಮತ್ತೆ ಬಂದಾಗ ಚಿಕಿತ್ಸಕರು ಬೈಯುವುದಿಲ್ಲ. "ಹೋದ ವಾರ ಬರೋಕೆ ಯಾಕೋ ಕಷ್ಟ ಆಯ್ತು ಅನ್ಸತ್ತೆ" ಎಂದು ಶಾಂತವಾಗಿ ಕೇಳುತ್ತಾರೆ. ಆ ಕೋಣೆಯಲ್ಲಿ ಮೊದಲ ಸಲ ಹಗ್ಗ ಹಗ್ಗವಾಗಿಯೇ ಕಾಣುತ್ತದೆ. ಹೀಗೆ ಹತ್ತಾರು ಸಲ ಆದ ಮೇಲೆ ಮನಸ್ಸು ಹೊಸ ಪಾಠ ಕಲಿಯುತ್ತದೆ. ದೊಡ್ಡವರೆಲ್ಲ ಹೊಡೆಯುವವರಲ್ಲ. ತಪ್ಪಾದರೂ ಸಂಬಂಧ ಉಳಿಯುತ್ತದೆ.

ಬೆಳವಣಿಗೆ ಎಂದು ನಾವು ಹೇಳುವುದು ಇದನ್ನೇ. ಟೈ ಕಟ್ಟಿಕೊಂಡು ಇಂಗ್ಲಿಷ್ ಮಾತಾಡುವ "ಪರ್ಸನಾಲಿಟಿ ಡೆವಲಪ್‌ಮೆಂಟ್" ಅಲ್ಲ. ಸಿಟ್ಟು ಬಂದಾಗ ಅದು ಯಾರ ಮೇಲಿನ ಸಿಟ್ಟು ಎಂದು ಗೊತ್ತಾಗುವುದು, ಅಳು ಬಂದರೆ ನಾಚದೆ ಅಳುವುದು, ಬೇಡದ್ದಕ್ಕೆ ಬೇಡ ಅನ್ನಲು ಬರುವುದು, ಮಗನನ್ನು ಮಗನಾಗಿ ನೋಡಲು ಆಗುವುದು. ಇಷ್ಟು ಸಾಧ್ಯವಾದರೆ ಒಂದು ಮನೆಯ ಗಾಳಿಯೇ ಬದಲಾಗುತ್ತದೆ.

ಮುಳುಗಡೆಯ ಮನೆಗಳು

ನಮ್ಮ ಜಿಲ್ಲೆಗೆ ಇನ್ನೊಂದು ನೋವೂ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿಯಿತು. ಶರಾವತಿ ಕಣಿವೆಯ ಸಾವಿರಾರು ಮನೆಗಳು ಗದ್ದೆ, ತೋಟ, ದೇವಸ್ಥಾನ ಬಿಟ್ಟು ಎದ್ದವು. ಶಿವಮೊಗ್ಗ, ಭದ್ರಾವತಿ ಕಡೆಯ ಕಾಡಿನಂಚಿಗೂ ಎಷ್ಟೋ ಕುಟುಂಬಗಳು ಬಂದು ನೆಲೆ ನಿಂತವು. ಹಕ್ಕುಪತ್ರದ ಹೋರಾಟ ಇವತ್ತಿಗೂ ನಡೆಯುತ್ತಿದೆ. ಅದು ನ್ಯಾಯದ ಹೋರಾಟ, ನಾವು ಅದರ ಪರ.

ಆದರೆ ಹಕ್ಕುಪತ್ರದಲ್ಲಿ ಬರದ ನಷ್ಟವೂ ಒಂದಿದೆ. ಅಜ್ಜ ಮುಳುಗಿದ ಮನೆಯ ಬಗ್ಗೆ ಕೊನೆವರೆಗೂ ಬಾಯಿ ಬಿಡಲಿಲ್ಲ. ಅಪ್ಪ ಯಾವ ಜಾಗವನ್ನೂ ನಂಬಲಿಲ್ಲ, ಎಲ್ಲವನ್ನೂ ಕೂಡಿಟ್ಟರು, ಯಾರಿಗೂ ಒಂದು ಒಳ್ಳೆ ಮಾತು ಆಡಲಿಲ್ಲ. ಮೊಮ್ಮಗಳು ಪಿಯುಸಿ ಓದುತ್ತ ಹಾಸ್ಟೆಲಿನಲ್ಲಿ ರಾತ್ರಿ ಎದೆ ಡವಗುಟ್ಟಿ ಎದ್ದು ಕೂರುತ್ತಾಳೆ. ಯಾಕೆಂದು ಅವಳಿಗೆ ಗೊತ್ತಿಲ್ಲ. ಬೂದಿ ಮುಚ್ಚಿದ ಕೆಂಡ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಕೈ ಬದಲಾಯಿಸುತ್ತದೆ. ಎಲ್ಲ ಮುಳುಗಡೆ ಮನೆಗಳಲ್ಲೂ ಹೀಗೇ ಆಯಿತು ಎಂದು ನಾವು ಹೇಳುತ್ತಿಲ್ಲ. ಹೀಗೆ ಆದ ಮನೆಯ ಹುಡುಗಿಗೆ "ಓದಿನ ಕಡೆ ಗಮನ ಕೊಡು" ಎಂದರೆ ಸಾಲದು ಎನ್ನುತ್ತಿದ್ದೇವೆ. ಅವಳ ಮನೆಯ ಕಥೆಯನ್ನು ಅವಳೇ ಜೋಡಿಸಿಕೊಳ್ಳಲು ಜೊತೆಗೊಬ್ಬರು ಬೇಕು.

ಸುಲಭದ ಮದ್ದು ಮಾರುವವರು

ಈ ಜಾಗ ಖಾಲಿ ಇದೆ ಎಂದು ಮೊದಲು ಕಂಡುಕೊಂಡವರು ಸ್ಫೂರ್ತಿ ಭಾಷಣದವರು. ಕಾಲೇಜಿಗೆ ಬರುತ್ತಾರೆ, ಮೈಕ್ ಹಿಡಿಯುತ್ತಾರೆ, "ಮನಸ್ಸಿದ್ದರೆ ಮಾರ್ಗ" ಅನ್ನುತ್ತಾರೆ, ಚಪ್ಪಾಳೆ ಹೊಡೆಸುತ್ತಾರೆ. ಗೆದ್ದವರ ಕಥೆ ಹೇಳಿ ಹೋಗುತ್ತಾರೆ. ಮನಸ್ಸೇ ಏಳದೆ ಹಾಸಿಗೆ ಹಿಡಿದ ಹುಡುಗ ಆ ಭಾಷಣದಿಂದ ಕಲಿಯುವುದು ಒಂದೇ. "ತಪ್ಪು ನನ್ನದೇ, ನನಗೆ ಮನಸ್ಸಿಲ್ಲ." ಗಾಯಕ್ಕೆ ಉಪ್ಪು ಹಚ್ಚಿ ಅದನ್ನೇ ಮದ್ದು ಎಂದು ಮಾರುವ ವ್ಯಾಪಾರ ಇದು.

ಎರಡನೆಯವರು ಎರಡು ದಿನದ ಆನ್‌ಲೈನ್ ಕೋರ್ಸ್ ಮಾಡಿ ಬೋರ್ಡು ಹಾಕಿಕೊಂಡವರು. ಗಂಡ ಹೆಂಡತಿ ಜಗಳ, ಮಕ್ಕಳ ಓದು, ಪ್ರೇಮ, ಕುಡಿತ, ಎಲ್ಲಕ್ಕೂ ಅರ್ಧ ಗಂಟೆಯಲ್ಲಿ ಪರಿಹಾರ. ನೆನಪಿಡಿ, ಮೊದಲ ದಿನವೇ "ಹೀಗೆ ಮಾಡಿ, ಹಾಗೆ ಮಾಡಬೇಡಿ" ಎಂದು ಪಟ್ಟಿ ಕೊಡುವವರು ನಿಮ್ಮನ್ನು ಇನ್ನೂ ಕೇಳಿಸಿಕೊಂಡಿಲ್ಲ.

ದೇವಸ್ಥಾನ, ದರ್ಗಾಗಳ ವಿಷಯದಲ್ಲಿ ನಮ್ಮ ಮಾತು ಸ್ವಲ್ಪ ಬೇರೆ. ನಂಬಿಕೆಯನ್ನು ಹಂಗಿಸುವುದು ನಮಗೆ ಬೇಕಿಲ್ಲ. ಮನೆಯಲ್ಲಿ ಬಾಯಿ ತೆರೆಯದ ಸೊಸೆ ಮೈಮೇಲೆ ಬಂದಾಗ ಮಾತಾಡುತ್ತಾಳೆ, ಆಗ ಅತ್ತೆ, ಮಾವ, ಗಂಡ ಎಲ್ಲರೂ ಕೈ ಮುಗಿದು ಕೇಳುತ್ತಾರೆ. ಅವಳ ಮಾತು ಕೇಳಲು ದೇವರೇ ಬರಬೇಕಾಯಿತಲ್ಲ, ಅದು ನಮ್ಮ ಮನೆಗಳ ಮೇಲಿನ ದೂರು. ನಮ್ಮ ಜಗಳ ದೇವರ ಹೆಸರಲ್ಲಿ ಸರಪಳಿ ಹಾಕುವವರ, ಹೊಡೆಯುವವರ, ಸಾವಿರಗಟ್ಟಲೆ ಕೀಳುವವರ ಜೊತೆ.

ಇನ್ನು ಮಾತ್ರೆ. ಇಲ್ಲಿ ಯಾರೂ ತಪ್ಪು ತಿಳಿಯಬಾರದು. ಸ್ಕಿಜೋಫ್ರೇನಿಯಾದಂಥ ತೀವ್ರ ಕಾಯಿಲೆಗೆ, ಆಳವಾದ ಖಿನ್ನತೆಗೆ ಔಷಧಿ ಬೇಕೇ ಬೇಕು. ನಮ್ಮದೇ ಜಿಲ್ಲೆಯ ತೀರ್ಥಹಳ್ಳಿ ತಾಲೂಕಿನಲ್ಲಿ ನಿಮ್ಹಾನ್ಸ್ ವೈದ್ಯರು 2005ರಿಂದ ನಡೆಸಿದ ಕೆಲಸ, ಹಳ್ಳಿಯಲ್ಲಿ ಇದ್ದುಕೊಂಡೇ ಇಂಥ ಕಾಯಿಲೆಗೆ ಚಿಕಿತ್ಸೆ ಕೊಡಬಹುದು ಎಂದು ತೋರಿಸಿತು. ಡಾಕ್ಟರನ್ನು ಕೇಳದೆ ಯಾರೂ ಮಾತ್ರೆ ನಿಲ್ಲಿಸಬೇಡಿ. ಆದರೆ ಮಾತ್ರೆಯಿಂದ ನಿದ್ದೆ ಬಂದ ಮೇಲೆ ಎಚ್ಚರದ ಹೊತ್ತು ಉಳಿಯುತ್ತದೆ. "ನಾನು ಯಾರಿಗೂ ಬೇಡವಾದೆ" ಎಂಬ ಮಾತನ್ನು ಹೇಳಿಕೊಳ್ಳಲು ಆ ಹೊತ್ತಿನಲ್ಲಿ ಒಬ್ಬರು ಬೇಕು. ಐದು ನಿಮಿಷದ ಓಪಿಡಿಯಲ್ಲಿ ಅದು ಆಗದ ಕೆಲಸ. ತಪ್ಪು ಡಾಕ್ಟರದ್ದಲ್ಲ, ಹೊರಗೆ ನಿಂತ ಸಾಲು ಅಷ್ಟು ಉದ್ದ.

ನೀವು ಕೇಳಬಹುದಾದ ಪ್ರಶ್ನೆಗಳು

"ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ನಾವು ಬದುಕಲಿಲ್ವಾ?" ಬದುಕಿದಿರಿ. ಹೇಗೆ ಬದುಕಿದಿರಿ ಎಂದು ಮನೆಯ ಹೆಂಗಸರನ್ನು ಒಮ್ಮೆ ಕೇಳಿ. ಬಾವಿಗೆ ಹಾರಿದವರು, ಊರು ಬಿಟ್ಟವರು, ಮೂವತ್ತು ವರ್ಷ ಗಂಡನ ಜೊತೆ ಮಾತು ಬಿಟ್ಟವರು ಆ ಕಾಲದಲ್ಲೂ ಇದ್ದರು. ಅವರ ಲೆಕ್ಕ ಯಾರೂ ಇಡಲಿಲ್ಲ.

"ಕಷ್ಟ ಸುಖ ಕೇಳೋಕೆ ಮನೆಯವರಿದ್ದಾರಲ್ಲ?" ಇದ್ದರೆ ಅದು ಭಾಗ್ಯ. ಆದರೆ ಎಷ್ಟೋ ಸಲ ನೋವಿನ ಬೇರು ಮನೆಯಲ್ಲೇ ಇರುತ್ತದೆ. ಗಂಡನ ಬಗ್ಗೆ ನಾದಿನಿಗೆ ಹೇಳಲಾದೀತೇ? ಮೇಲಾಗಿ ಹಳ್ಳಿಯಲ್ಲಿ ಬೆಳಿಗ್ಗೆ ಹೇಳಿದ ಮಾತು ಸಂಜೆಗೆ ಹಾಲಿನ ಡೇರಿ ತಲುಪಿರುತ್ತದೆ. ಗುಟ್ಟು ಕಾಯುವುದು ಚಿಕಿತ್ಸಕರ ವೃತ್ತಿಯ ನಿಯಮ. ಅವರಿಗೆ ನಿಮ್ಮ ಆಸ್ತಿಯಲ್ಲಿ ಪಾಲಿಲ್ಲ, ನಿಮ್ಮ ಮದುವೆ ಮಾತುಕತೆಯಲ್ಲಿ ಜಾಗವಿಲ್ಲ.

"ಇದು ಎಲ್ಲದಕ್ಕೂ ಅಪ್ಪ ಅಮ್ಮನನ್ನು ದೂರುವ ಶಾಸ್ತ್ರ ಅಲ್ವಾ?" ಅಲ್ಲ. ಇಂಗ್ಲೆಂಡಿನ ಮಕ್ಕಳ ವೈದ್ಯ, ಮನೋವಿಶ್ಲೇಷಕ ಡೊನಾಲ್ಡ್ ವಿನ್ನಿಕಾಟ್ ಹೇಳಿದ್ದು ನೆನಪಿಡುವಂಥದ್ದು. ಮಗುವಿಗೆ ಪರಿಪೂರ್ಣ ತಾಯಿ ಬೇಕಿಲ್ಲ, ಸಾಕಷ್ಟು ಒಳ್ಳೆಯ ತಾಯಿ ಸಾಕು. ತಾಯಿ ಆಗೀಗ ತಪ್ಪುತ್ತಾಳೆ, ಮಗು ಅದನ್ನು ತಡೆದುಕೊಳ್ಳುತ್ತ ಬೆಳೆಯುತ್ತದೆ. ಚಿಕಿತ್ಸೆಯಲ್ಲಿ ಕೂತು ಅಪ್ಪನನ್ನು ಬೈದವನು ಕ್ರಮೇಣ ಅಪ್ಪನಿಗೂ ಒಬ್ಬ ಅಪ್ಪ ಇದ್ದ, ಅವನಿಗೂ ಏಟು ಬಿದ್ದಿತ್ತು ಎಂದು ಕಾಣತೊಡಗಬಹುದು. ದೂರಿನಿಂದ ಶುರುವಾದ ಮಾತು ತಿಳಿವಳಿಕೆಯ ಕಡೆ ತಿರುಗಲು ಸಮಯ ಬೇಕು, ಅಷ್ಟೇ.

"ವರ್ಷಗಟ್ಟಲೆ ಯಾರು ಓಡಾಡ್ತಾರೆ?" ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಪ್ಪತ್ತು ವರ್ಷ ಪೆಟ್ಟು ತಿಂದ ಮನಸ್ಸು ಇಪ್ಪತ್ತು ನಿಮಿಷದಲ್ಲಿ ನೇರವಾಗದು. ಹಾಗೆಂದು ಎಲ್ಲರಿಗೂ ವರ್ಷಗಟ್ಟಲೆ ಬೇಕಿಲ್ಲ. ಕೆಲವು ತಿಂಗಳಿಗೆ ಮಿತಿ ಹಾಕಿಕೊಂಡು ಮಾಡುವ ಚಿಕ್ಕ ಅವಧಿಯ ಚಿಕಿತ್ಸೆಯೂ ಇದೇ ಪರಂಪರೆಯಲ್ಲಿದೆ.

"ಇದರಿಂದ ಗುಣ ಆಗತ್ತೆ ಅನ್ನೋಕೆ ಪುರಾವೆ ಏನು?" ನ್ಯಾಯವಾದ ಪ್ರಶ್ನೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೊನಾಥನ್ ಶೆಡ್ಲರ್ 2010ರಲ್ಲಿ ಹಲವು ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಈ ಪರಂಪರೆಯ ಚಿಕಿತ್ಸೆಯ ಫಲ ಬೇರೆ ಹೆಸರಾಂತ ಚಿಕಿತ್ಸೆಗಳಷ್ಟೇ ಇದೆ, ಚಿಕಿತ್ಸೆ ಮುಗಿದ ಮೇಲೂ ಆ ಫಲ ಹೆಚ್ಚುತ್ತ ಹೋಗುತ್ತದೆ ಎಂದು ಬರೆದರು. ಅವರ ಲೆಕ್ಕವನ್ನು ಒಪ್ಪದ ಪರಿಣತರೂ ಇದ್ದಾರೆ. ಯೋಚನೆಯ ಕ್ರಮ ಬದಲಾಯಿಸುವ ಸಿಬಿಟಿಯಂಥ ಚಿಕಿತ್ಸೆಯೂ ಒಳ್ಳೆಯದೇ. ಜನರಿಗೆ ಆಯ್ಕೆ ಇರಬೇಕು ಎನ್ನುವುದು ನಮ್ಮ ಮಾತು. ಈಗ ಇರುವುದು ಆಯ್ಕೆಯಲ್ಲ, ಖಾಲಿ ಜಾಗ.

ಖಾಲಿ ಜಾಗ ಎಂದರೆ ಎಷ್ಟು ಖಾಲಿ? ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 10 ಮಂದಿಗಿಂತ ಹೆಚ್ಚು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆ ಇರುವವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ.

ಕೇಳುವುದು ನಮ್ಮ ಹಕ್ಕು

ಇದನ್ನು ಸರ್ಕಾರದ ಹತ್ತಿರ ಬೇಡಿಕೊಳ್ಳಬೇಕಾಗಿಲ್ಲ. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2017ರಲ್ಲಿ ಬಂತು, 2018ರ ಮೇ ತಿಂಗಳಲ್ಲಿ ಜಾರಿಯಾಯಿತು. ಅದರ 18ನೇ ಸೆಕ್ಷನ್ ಪ್ರಕಾರ ಸರ್ಕಾರ ನಡೆಸುವ ಅಥವಾ ದುಡ್ಡು ಕೊಡುವ ಸೇವೆಯಿಂದ ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ಸೇವೆ ಕೈಗೆಟಕುವ ಬೆಲೆಯಲ್ಲಿ, ಒಳ್ಳೆಯ ಗುಣಮಟ್ಟದಲ್ಲಿ, ಮನೆಗೆ ಹತ್ತಿರದಲ್ಲಿ ಇರಬೇಕು. ದೇಹದ ಕಾಯಿಲೆಗೆ ವಿಮೆ ಕೊಡುವ ಹಾಗೇ ಮನಸ್ಸಿನ ಕಾಯಿಲೆಗೂ ಕೊಡಬೇಕು ಎಂದು 21ನೇ ಸೆಕ್ಷನ್ ಹೇಳುತ್ತದೆ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಅದರ ಮಾದರಿ ಹುಟ್ಟಿದ್ದೇ ನಮ್ಮ ರಾಜ್ಯದ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ. ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗೆ ಬರುವ 'ಮನೋಚೈತನ್ಯ' ಯೋಜನೆಯೂ ರಾಜ್ಯದಲ್ಲಿದೆ. ಒಳ್ಳೆಯದು. ನಾವು ಕೇಳುವುದು ಇದರ ಮುಂದಿನ ಹೆಜ್ಜೆ.

ಒಂದು, ಭದ್ರಾವತಿ ಸೇರಿದಂತೆ ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಎರಡು ಕುರ್ಚಿ ಮತ್ತು ಪೂರ್ಣಾವಧಿಯ ಒಬ್ಬ ಸೈಕಾಲಜಿಸ್ಟ್ ಇರಲಿ. ಒಬ್ಬರಿಗೆ ಮುಕ್ಕಾಲು ಗಂಟೆ ಕೊಡಲು ಆಗುವಂತೆ ಕೆಲಸ ಹಂಚಲಿ.

ಎರಡು, ಮಾತಿನ ಚಿಕಿತ್ಸೆಯ ತರಬೇತಿ ಕನ್ನಡದಲ್ಲಿ ಆಗಲಿ. "ಎದೆ ಭಾರ", "ಹೊಟ್ಟೆ ಉರಿ", "ಜೀವ ಬೇಜಾರು" ಎಂಬ ಮಾತುಗಳಿಗೆ ಇಂಗ್ಲಿಷಿನಲ್ಲಿ ಕಲಿತವರು ಬೇಗ ಒಂದು ರೋಗದ ಹೆಸರು ಇಟ್ಟುಬಿಡುತ್ತಾರೆ. ಆ ಮಾತಿನೊಳಗೆ ಇಳಿಯಲು ಆ ಮಾತಿನಲ್ಲೇ ಬೆಳೆದವರು ಬೇಕು. ನಮ್ಮ ಜಿಲ್ಲೆಯಲ್ಲೇ ವಿಶ್ವವಿದ್ಯಾಲಯವಿದೆ, ಮೆಡಿಕಲ್ ಕಾಲೇಜಿದೆ, ಮನಶ್ಶಾಸ್ತ್ರ ಕಲಿಸುವ ಕಾಲೇಜುಗಳಿವೆ. ನಮ್ಮ ಹುಡುಗ ಹುಡುಗಿಯರಿಗೆ ಇಲ್ಲೇ ತರಬೇತಿ, ಇಲ್ಲೇ ಕೆಲಸ ಕೊಡಲಿ.

ಮೂರು, ಕಾರ್ಖಾನೆ ಮುಚ್ಚುವಾಗ, ಜಮೀನು ಮುಳುಗಿಸುವಾಗ ಕೊಡುವ ಪರಿಹಾರದ ಪಟ್ಟಿಯಲ್ಲಿ ಆ ಕುಟುಂಬಗಳ ಮನಸ್ಸಿನ ಆರೈಕೆಯೂ ಒಂದು ಬಾಬ್ತು ಆಗಿರಲಿ. ಹೆಂಡತಿ ಮಕ್ಕಳಿಗೂ ಸೇರಿಸಿ.

ಇದನ್ನು ಓದುತ್ತಿರುವ ನಿಮಗೆ

ನಿಮಗೋ ಮನೆಯವರಿಗೋ ಈಗಲೇ ಮಾತಾಡಬೇಕು ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾದದ್ದು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಸಾಯುವ ಯೋಚನೆ ಬರುತ್ತಿದ್ದರೆ ಒಬ್ಬರೇ ಇರಬೇಡಿ, ನಂಬಿಕೆಯ ಒಬ್ಬರನ್ನು ಜೊತೆಗಿಟ್ಟುಕೊಂಡು ಹತ್ತಿರದ ಆಸ್ಪತ್ರೆಗೆ ಹೋಗಿ.

ಚಿಕಿತ್ಸಕರನ್ನು ಹುಡುಕುವಾಗ ಅವರು ಏನು ಓದಿದ್ದಾರೆ ಎಂದು ನಾಚದೆ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿ ಇರಬೇಕು. ಎರಡು ಮೂರು ಭೇಟಿಯ ನಂತರ ನಿಮ್ಮನ್ನೇ ಕೇಳಿಕೊಳ್ಳಿ. ಇವರ ಎದುರು ನಾನು ನಿಜ ಹೇಳಬಹುದಾ? ಇವರು ನನ್ನ ಜಾತಿ, ನನ್ನ ಬಟ್ಟೆ, ನನ್ನ ಭಾಷೆ ನೋಡಿ ಅಳೆಯುತ್ತಿದ್ದಾರಾ? ಅಳೆಯುತ್ತಿದ್ದರೆ ಎದ್ದು ಬನ್ನಿ, ಬೇರೆಯವರನ್ನು ನೋಡಿ.

ಮನೆಯಲ್ಲಿ ಇವತ್ತೇ ಒಂದು ಕೆಲಸ ಮಾಡಬಹುದು. ಯಾರಾದರೂ "ಮನಸ್ಸಿಗೆ ಸರಿಯಿಲ್ಲ" ಅಂದರೆ ಧೈರ್ಯ ಹೇಳುವ ಮೊದಲು ಫೋನ್ ಕೆಳಗಿಟ್ಟು "ಹೇಳು, ಕೇಳ್ತೀನಿ" ಅನ್ನಿ. ನೀವು ಚಿಕಿತ್ಸಕರಾಗಬೇಕಿಲ್ಲ, ಪರಿಹಾರ ಕೊಡಬೇಕಿಲ್ಲ. ಅವರ ಮಾತು ಮುಗಿಯುವ ತನಕ ಕೂತಿರಿ.

ಉಳಿದದ್ದು ಸರ್ಕಾರದ ಕೆಲಸ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ಬೀದಿದೀಪದ ಅರ್ಜಿಯ ಜೊತೆ ಇದನ್ನೂ ಬರೆದುಕೊಡಿ: ನಮ್ಮ ತಾಲೂಕು ಆಸ್ಪತ್ರೆಗೆ ಒಂದು ಕೋಣೆ, ಎರಡು ಕುರ್ಚಿ, ಕನ್ನಡ ಬಲ್ಲ ಒಬ್ಬ ಸೈಕಾಲಜಿಸ್ಟ್ ಬೇಕು. ನಡಾವಳಿ ಪುಸ್ತಕದಲ್ಲಿ ಅದು ದಾಖಲಾಗುವ ತನಕ ಎದ್ದು ಬರಬೇಡಿ.